ಹೊಸ ಇಸಿಯು ಹಾಕಿದ ಮೇಲೆ ಎಂಜಿನ್ ಕಾಟ: ಟ್ಯೂನರ್ ಜೊತೆ ಪ್ರಶ್ನೋತ್ತರ

ನಾಲ್ಕು ಸಿಲಿಂಡರ್: ಸರ್, ಸ್ಟ್ಯಾಂಡಲೋನ್ ಇಸಿಯು (ಕಂಪನಿಯದರ ಬದಲು ಹಾಕುವ, ನಾವೇ ಟ್ಯೂನ್ ಮಾಡಬಲ್ಲ ಎಂಜಿನ್ ಕಂಪ್ಯೂಟರ್) ಹಾಕಿಸಿದ ಮೇಲೆ ಐಡ್ಲಿಂಗ್ ಒಂದು ಕಡೆ ನಿಲ್ಲುತ್ತಿಲ್ಲ. 700 ಆರ್‌ಪಿಎಂಗೆ ಇಳಿಯುತ್ತೆ, 1500ಕ್ಕೆ ಹಾರುತ್ತೆ, ಮತ್ತೆ ಇಳಿಯುತ್ತೆ.

ಟ್ಯೂನರ್: ಲ್ಯಾಂಬ್ಡಾ ಕ್ಲೋಸ್ಡ್ ಲೂಪ್ (ಹೊಗೆಯ ಆಮ್ಲಜನಕ ನೋಡಿ ಇಸಿಯು ಪೆಟ್ರೋಲ್ ತಿದ್ದೋದು) ಆಫ್ ಮಾಡಿ ನೋಡಿ. ಓಲಾಟ ನಿಂತರೆ ಕರೆಕ್ಷನ್ ಅತಿಯಾಗಿದೆ. ನಿಲ್ಲದಿದ್ದರೆ ಇನ್‌ಟೇಕ್‌ನಲ್ಲಿ ಗಾಳಿ ಲೀಕ್ ಹುಡುಕಿ. ಥ್ರಾಟಲ್ ಪೂರ್ತಿ ಮುಚ್ಚಿದಾಗ ಸೆನ್ಸರ್ ಸೊನ್ನೆ ತೋರಿಸುತ್ತಾ ಅಂತಲೂ ನೋಡಿ.

ಹಳೇ ಗಾಡಿ: ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತೆ ಸರ್, ಪ್ಲಗ್ ಎಲ್ಲ ಒದ್ದೆ. ಬಿಸಿಯಾದ ಮೇಲೆ ತೊಂದರೆ ಇಲ್ಲ.

ಟ್ಯೂನರ್: ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲಂಟ್ ಸೆನ್ಸರ್, ಗಾಳಿ ಸೆನ್ಸರ್ ಎರಡೂ ಹೆಚ್ಚುಕಮ್ಮಿ ಒಂದೇ ಡಿಗ್ರಿ ತೋರಿಸಬೇಕು. ಕೂಲಂಟ್ ಮಾತ್ರ ತೀರಾ ಕಡಿಮೆ ತೋರಿಸಿದರೆ ಇಸಿಯುನಲ್ಲಿ ಬೇರೆ ಸೆನ್ಸರಿನ ಕ್ಯಾಲಿಬ್ರೇಷನ್ (ಡಿಗ್ರಿ ಲೆಕ್ಕ) ಕೂತಿದೆ. ಇಸಿಯು ಕೊರೆಯುವ ಚಳಿ ಅಂದುಕೊಂಡು ಪೆಟ್ರೋಲ್ ಸುರಿಯುತ್ತಿದೆ.

ಟರ್ಬೊ ಹುಚ್ಚ: ನನ್ನದು ಟರ್ಬೊ. ನಿಧಾನಕ್ಕೆ ಓಡಿಸಿದರೆ ಬೆಣ್ಣೆಯಂತೆ ಹೋಗುತ್ತೆ. 4000 ದಾಟಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿದಾಗ ಟಿಣ್ ಟಿಣ್ ಅಂತ ಸದ್ದು. ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಪ್ರಮಾಣದ ಗೇಜ್) ಸರಿಯಾಗೇ ಇದೆ. ಅಡ್ವಾನ್ಸ್ (ಕಿಡಿ ಎಷ್ಟು ಮುಂಚೆ ಬೀಳುತ್ತೆ ಅನ್ನೋದು) ಕೂಡ ಲ್ಯಾಪ್‌ಟಾಪ್‌ನಲ್ಲಿ ಜಾಸ್ತಿ ಇಲ್ಲ.

ಟ್ಯೂನರ್: ಬೂಸ್ಟ್ ಹಾಕೋದು ಈಗಲೇ ನಿಲ್ಲಿಸಿ. ಅದು ನಾಕ್, ಸಿಲಿಂಡರಿನಲ್ಲಿ ಮಿಶ್ರಣ ತಾನಾಗೇ ಸಿಡಿಯೋದು. ಪಿಸ್ಟನ್ ಒಡೆಯಲು ಹೆಚ್ಚು ಹೊತ್ತು ಬೇಕಿಲ್ಲ.
ಲ್ಯಾಪ್‌ಟಾಪ್ ತೋರಿಸೋದು ಇಸಿಯು ಕೊಟ್ಟ ಆಜ್ಞೆ. ಕಿಡಿ ನಿಜಕ್ಕೂ ಎಲ್ಲಿ ಬಿತ್ತು ಅಂತ ಅದಕ್ಕೆ ಗೊತ್ತಿಲ್ಲ. ಸಾಫ್ಟ್‌ವೇರ್‌ನಲ್ಲಿ ಟೈಮಿಂಗ್ 10 ಡಿಗ್ರಿಗೆ ಲಾಕ್ ಮಾಡಿ, ಮೊದಲ ಸಿಲಿಂಡರಿಗೆ ಟೈಮಿಂಗ್ ಲೈಟ್ (ಕಿಡಿ ಬಿದ್ದಾಗ ಮಿನುಗೋ ದೀಪ) ಹಾಕಿ. 1000ದಲ್ಲಿ ಪುಲ್ಲಿ ಗುರುತು ಎಲ್ಲಿದೆ ನೋಡಿ, ಲೋಡ್ ಇಲ್ಲದೆ 4000ಕ್ಕೆ ಏರಿಸಿ ಮತ್ತೆ ನೋಡಿ. ಗುರುತು ಜರುಗಬಾರದು. ಡಯಲ್ ಇರೋ ಲೈಟ್ ಆದರೆ ಡಯಲ್ ಸೊನ್ನೆಗಿಡಿ, ಪ್ರತಿ ಸುತ್ತಿಗೂ ಕಿಡಿ ಬೀಳುವ ವೇಸ್ಟ್ ಸ್ಪಾರ್ಕ್ ಎಂಜಿನ್‌ನಲ್ಲಿ ಅದು ದಾರಿ ತಪ್ಪಿಸುತ್ತೆ.
ಎಂಜಿನ್ ಎಲ್ಲಿಗೆ ತಿರುಗಿದೆ ಅಂತ ಇಸಿಯುಗೆ ಹೇಳೋ ಕ್ರ್ಯಾಂಕ್ ಸೆನ್ಸರಿಗೆ ಎಷ್ಟು ವೈರ್? ಅದರ ಎದುರಿನ ಚಕ್ರದಲ್ಲಿ ಎಷ್ಟು ಹಲ್ಲು?

ಫಾರ್ವರ್ಡ್ ರಾಯ: ಇದು ಬಂದಿದೆ, ಎಲ್ಲರೂ ಓದಿ. ಬ್ಯಾಟರಿ ಟರ್ಮಿನಲ್ ಅರ್ಧ ಗಂಟೆ ಕಳಚಿಟ್ಟರೆ ಇಸಿಯು ಹೊಸದಾಗಿ ಕಲಿಯುತ್ತೆ. ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿದರೆ ಕಿಡಿ ಜೋರು.

ಟ್ಯೂನರ್: ಸ್ಟ್ಯಾಂಡಲೋನ್‌ನಲ್ಲಿ ಮ್ಯಾಪ್ (ಪೆಟ್ರೋಲ್, ಕಿಡಿಯ ಲೆಕ್ಕದ ಪಟ್ಟಿ) ಫ್ಲ್ಯಾಶ್ ಮೆಮೊರಿಯಲ್ಲಿರುತ್ತೆ, ಟರ್ಮಿನಲ್ ಕಳಚಿದರೆ ಅಳಿಸೋದೂ ಇಲ್ಲ, ಕಲಿಯೋದೂ ಇಲ್ಲ. ಎರಡನೆಯದಂತೂ ಅಪಾಯ. ರೆಸಿಸ್ಟರ್ ಇಲ್ಲದ ಪ್ಲಗ್ ಎಬ್ಬಿಸೋ ನಾಯ್ಸ್ ಕ್ರ್ಯಾಂಕ್ ಸಿಗ್ನಲ್‌ಗೆ ನುಗ್ಗಿದರೆ ಕಿಡಿ ಎಲ್ಲೆಲ್ಲೋ ಬೀಳಬಹುದು. ದಯವಿಟ್ಟು ಇಂಥದ್ದು ಹಾಕಬೇಡಿ.

ಮೂರನೇ ಗೇರ್: ಸರ್, ಕೀ ತೆಗೆದರೂ ಎಂಜಿನ್ ಆಫ್ ಆಗಲ್ಲ, ಯಾಕೆ?

ಎರಡು ಬಾಗಿಲು: ಐಡ್ಲಿಂಗ್ ಏರಿಳಿತಕ್ಕೆ ಏನು ಮಾಡೋದು ಸರ್?

ಟ್ಯೂನರ್: ಮೇಲೆ ಬರೆದಿದ್ದೇನೆ.

ಹಳೇ ಗಾಡಿ: ಐಡಲ್‌ನಲ್ಲಿ ವೈಡ್‌ಬ್ಯಾಂಡ್ 14.7 (ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ) ಬಂದರೆ ಸಾಕಲ್ವಾ?

ಕಪ್ಪು ಹೊಗೆ: ಎಥನಾಲ್ ಬೆರೆತ ಪೆಟ್ರೋಲಿಗೆ 14.7 ಎಲ್ಲಿಂದ ಬಂತು ಗುರೂ? ನೂರಕ್ಕೆ 10 ಬೆರೆತರೆ ಸುಮಾರು 14.1.

ಹಳೇ ಗಾಡಿ: ಅದೇ ಪೆಟ್ರೋಲಿಗೇ ನನ್ನ ಗೇಜ್ 14.7 ತೋರಿಸುತ್ತೆ, ಗಾಡಿ ಚೆನ್ನಾಗೇ ಓಡುತ್ತೆ.

ಕಪ್ಪು ಹೊಗೆ: ಗೇಜ್ ಅಳೆಯೋದು ಲ್ಯಾಂಬ್ಡಾ, ಅಂದರೆ ಬೇಕಾದಷ್ಟು ಗಾಳಿಯ ಎಷ್ಟು ಪಟ್ಟು ಇದೆ ಅನ್ನೋದು. ಅದನ್ನ 14.7ರಿಂದ ಗುಣಿಸಿ ನಿಮಗೆ ತೋರಿಸುತ್ತೆ ಅಷ್ಟೇ.

ಹಳೇ ಗಾಡಿ: ಹಾಗಿದ್ರೆ ಗೇಜಿನಲ್ಲಿ 14.7 ಸರಿ ಅಂತಾಯ್ತಲ್ಲ. ನಾನು ಹೇಳಿದ್ದೂ ಅದೇ.

ಕಪ್ಪು ಹೊಗೆ: ಅಂಕಿ ಸರಿ, ಅರ್ಥ ತಪ್ಪು. ಲ್ಯಾಂಬ್ಡಾ 1 ಅನ್ನಿ.

ನಾಲ್ಕು ಸಿಲಿಂಡರ್: ಇಬ್ಬರೂ ಇನ್‌ಬಾಕ್ಸ್‌ಗೆ ಹೋಗಿ ಜಗಳ ಆಡ್ರಪ್ಪ.

ಹಳೇ ಗಾಡಿ: ಜಗಳ ತೆಗೆದವರು ಅವರು.

ಟರ್ಬೊ ಹುಚ್ಚ: ಸರ್, ಎರಡೇ ವೈರ್. 36ರಲ್ಲಿ ಒಂದು ಹಲ್ಲಿಲ್ಲದ ಚಕ್ರ. ಲೈಟ್ ಹಾಕಿದೆ. 1000ದಲ್ಲಿ 10, 4000ದಲ್ಲಿ 14.

ಟ್ಯೂನರ್: ಅಂದುಕೊಂಡಿದ್ದೇ ಆಯಿತು, ಎರಡು ವೈರ್ ಅದಲುಬದಲಾಗಿರಬಹುದು. ಈ ಮ್ಯಾಗ್ನೆಟಿಕ್ ಸೆನ್ಸರಿನ ವೋಲ್ಟೇಜ್, ಹಲ್ಲಿನ ನಟ್ಟನಡು ಎದುರಿಗೆ ಬಂದಾಗ ಥಟ್ಟನೆ ಸೊನ್ನೆ ದಾಟುತ್ತೆ. ಇಸಿಯು ಹಿಡಿಯಬೇಕಾದ್ದು ಆ ಜಾಗ. ವೈರ್ ತಿರುಗಿದರೆ ಅದು ಹಲ್ಲುಗಳ ನಡುವಿನ ಮಂದ ದಾಟನ್ನು ಹಿಡಿಯುತ್ತೆ. ವೇಗ ಏರಿದಂತೆ ಸಿಗ್ನಲ್ ದೊಡ್ಡದಾಗಿ ಆ ಜಾಗವೂ ಜರುಗುತ್ತೆ. ಪರದೆ ಮೇಲೆ ಮಾತ್ರ ಎಲ್ಲ ಸರಿ. ಟ್ರಿಗರ್ ಲಾಗ್ (ಈ ಸೆನ್ಸರ್ ಸಿಗ್ನಲ್‌ನ ದಾಖಲೆ) ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.

ಟರ್ಬೊ ಹುಚ್ಚ: ಮ್ಯಾಪ್ ಫೈಲ್ ಹಾಕಿದ್ದೇನೆ ಸರ್.

ಟ್ಯೂನರ್: ಮ್ಯಾಪ್ ಯಾರು ಕೇಳಿದರು?

ಫಾರ್ವರ್ಡ್ ರಾಯ: ಆಕ್ಟೇನ್ ಬೂಸ್ಟರ್ ಒಂದು ಬಾಟಲ್ ಸುರಿದರೆ ಸದ್ದು ಹೋಗುತ್ತೆ ಅಂತಾರೆ.

ಟ್ಯೂನರ್: ನೀವು ಸುಮ್ಮನಿರಿ ಸ್ವಾಮಿ.

ಮೂರನೇ ಗೇರ್: ನನ್ನ ಪ್ರಶ್ನೆ ಯಾರೂ ನೋಡಲೇ ಇಲ್ಲ.

ಟರ್ಬೊ ಹುಚ್ಚ: ಲಾಗ್ ಹಾಕಿದೆ.

ಟ್ಯೂನರ್: ನೋಡಿದೆ. ಪೊಲಾರಿಟಿ ತಿರುಗಿದೆ. ಎಂಜಿನ್ ಆಫ್ ಮಾಡಿ ಸೆನ್ಸರ್ ವೈರ್ ಅದಲುಬದಲು ಮಾಡಿ.

ಟರ್ಬೊ ಹುಚ್ಚ: ಮಾಡಿದೆ. ಈಗ 1000ದಲ್ಲೂ 5, 4000ದಲ್ಲೂ 5. ಓಡಿಸಬಹುದಾ?

ಟ್ಯೂನರ್: ಇಲ್ಲ. ಜರುಗೋದು ನಿಂತಿದೆ, ಆದರೆ ಲಾಕ್ 10 ಇರುವಾಗ ಲೈಟ್ 5 ತೋರಿಸಿದರೆ ಟ್ರಿಗರ್ ಆಫ್‌ಸೆಟ್ (ಚಕ್ರದ ಖಾಲಿ ಹಲ್ಲಿಗೂ ಪಿಸ್ಟನ್ ಮೇಲ್ತುದಿಗೂ ಇರುವ ಅಂತರದ ಸೆಟ್ಟಿಂಗ್) ತಪ್ಪು. ಲೈಟ್‌ನಲ್ಲೂ 10 ಬರೋವರೆಗೆ ಆಫ್‌ಸೆಟ್ ಸರಿಸಿ, ಆಮೇಲೆ ಲಾಕ್ ತೆಗೆಯಿರಿ. ಬೂಸ್ಟ್ ಹಾಕುವ ಮೊದಲು ಪ್ಲಗ್ ಕಳಚಿ ನೋಡಿ, ಪಿಂಗಾಣಿ ಮೇಲೆ ಅಲ್ಯೂಮಿನಿಯಂ ಚುಕ್ಕೆ ಕಂಡರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಇವತ್ತಿಗೆ ಇಷ್ಟು ಸಾಕು.

ಎರಡು ಬಾಗಿಲು: ಸರ್, ಐಡ್ಲಿಂಗ್?