ನೈರೋಬಿಯಿಂದ ಉತ್ತರ: ಆ್ಯಪ್, ಲ್ಯಾಪ್‌ಟಾಪ್, ಕೈಗವಸು ಇವುಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ?

ಅಡ್ಮಿನ್: ಈ ವಾರ ಉತ್ತರ ಕೊಡುವವರು ನಮ್ಮ ಮೈಸೂರಿನವರು, ಈಗ ನೈರೋಬಿಯಲ್ಲಿದ್ದಾರೆ. ಆ್ಯಪ್, ವೆಬ್‌ಸೈಟ್‌ಗಳನ್ನು ಅಂಗವಿಕಲರು ಬಳಸಬಹುದಾ ಅಂತ ಪರೀಕ್ಷೆ ಮಾಡುವುದೇ ಅವರ ಕೆಲಸ. ಅವರಿಗೂ ಕಣ್ಣು ಕಾಣುವುದಿಲ್ಲ. ಆದ್ದರಿಂದ ಪ್ರಶ್ನೆಯನ್ನು ಫೋಟೊ ಮಾಡಿ ಹಾಕಬೇಡಿ, ಟೈಪ್ ಮಾಡಿ. ವಿಷಯ ಆಫ್ರಿಕಾದ್ದು. ಇಲ್ಲಿನ ಪಿಂಚಣಿ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನ ಪ್ರಶ್ನೆಗಳನ್ನು ಇನ್ನೊಂದು ವಾರ ತೆಗೆದುಕೊಳ್ಳೋಣ.

ಪ್ರಶ್ನೆ (ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್): ಸರ್, ಕೆನ್ಯಾದವರಿಗೆ ಒಂದು ಸಣ್ಣ ಸಾಲದ ಆ್ಯಪ್ ಮಾಡಿಕೊಡುತ್ತಿದ್ದೇವೆ. "ಅಂಗವಿಕಲರಿಗೂ ಬಳಸಲು ಬರಬೇಕು" ಅಂತ ಕ್ಲೈಂಟ್ ಒಂದೇ ಸಾಲು ಕಳಿಸಿದ್ದಾರೆ. ಎಲ್ಲಿಂದ ಶುರು ಮಾಡಲಿ? ಅಲ್ಲಿ ಕಣ್ಣು ಕಾಣದವರು ಸ್ಮಾರ್ಟ್‌ಫೋನ್ ಬಳಸುತ್ತಾರಾ?

ಉತ್ತರ: ಬಳಸುತ್ತಾರೆ. ಬಳಸದೆ ಇಲ್ಲಿ ದಿನ ಕಳೆಯೋದು ಕಷ್ಟ. ಕೆನ್ಯಾದಲ್ಲಿ ದುಡ್ಡು ಅಂದರೆ ಎಂ-ಪೆಸಾ, ಅಂದರೆ ಫೋನಿನಲ್ಲೇ ದುಡ್ಡು ಇಟ್ಟು ಕಳಿಸುವ ಸೇವೆ. ಸಫಾರಿಕಾಮ್ ಅನ್ನುವ ಮೊಬೈಲ್ ಕಂಪನಿ 2007ರಲ್ಲಿ ಶುರು ಮಾಡಿದ್ದು. ತರಕಾರಿಗೆ, ಮಟಾಟು (ಇಲ್ಲಿನ ಖಾಸಗಿ ಮಿನಿಬಸ್) ಚಾರ್ಜಿಗೆ, ಸ್ಕೂಲ್ ಫೀಸಿಗೆ, ಊರಲ್ಲಿರುವ ಅಮ್ಮನಿಗೆ ಕಳಿಸೋಕೆ, ಎಲ್ಲಕ್ಕೂ ಅದೇ.

ಈಗ ಕೀಪ್ಯಾಡ್ ಫೋನ್ ಇಟ್ಟುಕೊಂಡ ಒಬ್ಬ ಅಂಧನನ್ನು ನೆನೆಸಿಕೊಳ್ಳಿ. ಮೆನು ಪರದೆ ಮೇಲೆ ಬರುತ್ತದೆ, ಓದಿ ಹೇಳುವ ದನಿ ಇಲ್ಲ. ಏಜೆಂಟ್‌ಗೋ ಪಕ್ಕದವರಿಗೋ ಫೋನ್ ಕೊಟ್ಟು ಪಿನ್ ಹೇಳಬೇಕು. ಪಿನ್ ಹೇಳಿದ ಮೇಲೆ ಆ ದುಡ್ಡು ಯಾರದ್ದು? ಆಂಡ್ರಾಯ್ಡ್ ಫೋನಿನಲ್ಲಿ ಪರದೆಯನ್ನು ದನಿಯಲ್ಲಿ ಓದಿ ಹೇಳುವ ಟಾಕ್‌ಬ್ಯಾಕ್ ಬದಲಾಯಿಸಿದ್ದು ಇದನ್ನೇ. ಇಯರ್‌ಫೋನ್ ಹಾಕಿಕೊಂಡು, ಬೆರಳು ಆಡಿಸಿ, ಯಾರಿಗೂ ಹೇಳದೆ ದುಡ್ಡು ಕಳಿಸಬಹುದು. ದುಡ್ಡು ಬಂದ ಮೆಸೇಜನ್ನೂ ಅದೇ ಓದುತ್ತದೆ.

ನಿಮ್ಮಂಥ ಆ್ಯಪ್‌ಗಳು ಬಂದು ಇದನ್ನು ಮತ್ತೆ ಕೆಡಿಸುತ್ತವೆ. ಬೇಜಾರು ಮಾಡಿಕೊಳ್ಳಬೇಡಿ, ದಿನಾ ನೋಡುವುದನ್ನೇ ಹೇಳುತ್ತಿದ್ದೇನೆ.

ಮೊದಲನೆಯದು ಹೆಸರಿಲ್ಲದ ಬಟನ್. ಡಿಸೈನರ್ ಚೆಂದದ ಚಿತ್ರ ಹಾಕಿರುತ್ತಾರೆ, ಒಳಗೆ ಲೇಬಲ್ ಬರೆದಿರುವುದಿಲ್ಲ. ಟಾಕ್‌ಬ್ಯಾಕ್ "ಬಟನ್, ಬಟನ್, ಬಟನ್" ಅನ್ನುತ್ತದೆ. ಯಾವುದು ಸಾಲ ತೆಗೆದುಕೊಳ್ಳುವುದು, ಯಾವುದು ತೀರಿಸುವುದು? ಒತ್ತಿದ ಮೇಲೆ ಗೊತ್ತಾಗುತ್ತದೆ.

ಎರಡನೆಯದು ಪಿನ್ ಹಾಕುವ ಪರದೆ. ಫೋನಿನದೇ ಕೀಬೋರ್ಡ್ ಬಿಟ್ಟು ನೀವೇ ಒಂದು ಮಾಡುತ್ತೀರಿ. ಸುರಕ್ಷತೆ ಅಂತ ಅಂಕಿಗಳನ್ನು ಪ್ರತಿ ಸಲ ಕಲಸಿ ಇಡುತ್ತೀರಿ. ಫೋನಿನ ಪಾಸ್‌ವರ್ಡ್ ಜಾಗದಲ್ಲಿ ಅಂಕಿಗಳನ್ನು ಹೊರಗೆ ಕೇಳದಂತೆ ಮರೆಮಾಡುವ ಏರ್ಪಾಡಿದೆ. ನಿಮ್ಮ ಸ್ವಂತ ಕೀಪ್ಯಾಡಿನಲ್ಲಿ ಅವು ಬರೀ ಬಟನ್‌ಗಳು. ಇಯರ್‌ಫೋನ್ ಇಲ್ಲದಿದ್ದರೆ ನನ್ನ ಪಿನ್ ಇಡೀ ಮಟಾಟುವಿಗೆ ಕೇಳಿಸುತ್ತದೆ.

ಮೂರನೆಯದೇ ಸಾಲದ ಆ್ಯಪ್‌ಗಳಲ್ಲಿ ನನಗೆ ಅತಿ ಸಿಟ್ಟು ಬರಿಸುವುದು: ಸೆಲ್ಫಿ ಪರೀಕ್ಷೆ. "ಮುಖವನ್ನು ವೃತ್ತದೊಳಗೆ ತನ್ನಿ, ಕಣ್ಣು ಮಿಟುಕಿಸಿ." ವೃತ್ತ ಎಲ್ಲಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಕೃತಕ ಕಣ್ಣು ಇರುವವರು ಮಿಟುಕಿಸುವುದು ಹೇಗೆ? ಕೈ ನಡುಗುವವರಿಗೂ ಇದು ಆಗುವುದಿಲ್ಲ. "ಸ್ವಲ್ಪ ಎಡಕ್ಕೆ, ಇನ್ನೂ ಹತ್ತಿರ" ಅಂತ ದನಿಯಲ್ಲಿ ದಾರಿ ಹೇಳಿಸಿ. ಅದೂ ಆಗದವರಿಗೆ ಏಜೆಂಟ್ ಹತ್ತಿರ ಹೋಗಿ ಗುರುತು ತೋರಿಸುವ ದಾರಿ ಇಡಿ. ಇಲ್ಲದಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಜನ ಬಾಗಿಲಲ್ಲೇ ನಿಂತಿರುತ್ತಾರೆ.

ಅದೇ ಎಂಜಿನಿಯರ್: ಥ್ಯಾಂಕ್ಸ್ ಸರ್. ಆದರೆ ನಮ್ಮ ಮ್ಯಾನೇಜರ್ "ಇಂಥ ಬಳಕೆದಾರರು ಎಷ್ಟು ಮಂದಿ ಇರ್ತಾರೆ?" ಅಂತಾರೆ.

ಉತ್ತರ: ಅವರು 2019ರ ಕೆನ್ಯಾ ಜನಗಣತಿ ನೋಡಿರಬೇಕು. 5 ವರ್ಷ ಮೇಲ್ಪಟ್ಟವರಲ್ಲಿ ಅಂಗವಿಕಲರು ಬರೀ 2.2% ಅಂತ ಅದರಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೆ ಕೊಡುವ ಅಂದಾಜು 16%. ಕೆನ್ಯಾದವರು ಅಷ್ಟು ಗಟ್ಟಿಮುಟ್ಟು ಅಂತಲ್ಲ. ಪ್ರಶ್ನೆ ಕೇಳುವ ರೀತಿ, ಮನೆಯವರು ಮುಚ್ಚಿಡುವುದು, "ತುಂಬಾ ಕಷ್ಟ" ಅಂದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು, ಇವೆಲ್ಲ ಸೇರಿ ಸಂಖ್ಯೆ ಕುಗ್ಗುತ್ತದೆ. ದೊಡ್ಡ ಅಕ್ಷರ, ಎದ್ದು ಕಾಣುವ ಬಣ್ಣ ವಯಸ್ಸಾದವರಿಗೂ ಬೇಕು, ಬಿಸಿಲಲ್ಲಿ ನಿಂತು ಫೋನ್ ನೋಡುವವರಿಗೂ ಬೇಕು. ನಿಮ್ಮ ಮ್ಯಾನೇಜರ್‌ಗೆ ಇದು ಬೇಗ ಅರ್ಥವಾಗುತ್ತದೆ.

ಪ್ರಶ್ನೆ (ಧಾರವಾಡದ ವಿಶೇಷ ಶಿಕ್ಷಕಿ): ನಮಸ್ಕಾರ ಸರ್. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿರುವ ನಮ್ಮ ಅಣ್ಣ, ಅವರ ಗೆಳೆಯರು ಸೇರಿ ಅಲ್ಲಿನ ಅಂಧ ಮಕ್ಕಳ ಶಾಲೆಗೆ ಹಳೇ ಲ್ಯಾಪ್‌ಟಾಪ್ ಕೊಡಬೇಕು ಅಂತಿದ್ದಾರೆ. ಸಾಫ್ಟ್‌ವೇರ್ ತುಂಬಾ ದುಬಾರಿ ಅಂತ ಕೇಳಿದ್ದೇವೆ. ಹೌದೇ?

ಉತ್ತರ: ಮೇಡಂ, ಸಾಫ್ಟ್‌ವೇರ್ ಚಿಂತೆ ಬಿಡಿ. ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರ್‌ಗೆ ಸ್ಕ್ರೀನ್ ರೀಡರ್ ಅನ್ನುತ್ತಾರೆ. ಅವುಗಳಲ್ಲಿ ಜಾಸ್ ದುಬಾರಿ ನಿಜ. ಆದರೆ ಎನ್‌ವಿಡಿಎ ಉಚಿತ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರ‍್ರನ್ ಅದನ್ನು ಬರೆಯೋಕೆ ಶುರು ಮಾಡಿದರು. ಅವರೂ ಅಂಧರೇ. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರ ಜೊತೆ ಬರುವ, ಬರಹವನ್ನು ದನಿಯಾಗಿಸುವ ಈಸ್ಪೀಕ್‌ನಲ್ಲಿ ಸ್ವಾಹಿಲಿ ಇದೆ, ನಮ್ಮ ಕನ್ನಡವೂ ಇದೆ. ಕನ್ನಡದ್ದು ಕೇಳಿದ್ದರೆ ಸ್ವಾಹಿಲಿಯದ್ದೂ ಊಹಿಸಿಕೊಳ್ಳಬಹುದು. ತಗಡಿನ ದನಿ, ಆದರೆ ಅಭ್ಯಾಸವಾದರೆ ಓದಿಸಿಕೊಳ್ಳಬಹುದು. ಕೆನ್ಯಾದ ಲುವೊ, ಕಿಕುಯು ಮನೆಮಾತಿನ ಮಕ್ಕಳಿಗೆ ಅಷ್ಟೂ ಇಲ್ಲ. ಟಾಂಜಾನಿಯಾದಲ್ಲಿ ಪ್ರಾಥಮಿಕ ಶಾಲೆ ಸ್ವಾಹಿಲಿಯಲ್ಲಿ, ಹೈಸ್ಕೂಲು ಇಂಗ್ಲಿಷಿನಲ್ಲಿ. ಎರಡೂ ದನಿ ಹಾಕಿಸಿ, ಬದಲಾಯಿಸುವುದು ಹೇಗೆ ಅಂತ ಮಕ್ಕಳಿಗೆ ಕಲಿಸಬೇಕು.

ಕಷ್ಟ ಇರುವುದು ಕಲಿಸುವವರದ್ದು. ಕೊಟ್ಟ ದಿನ ಫೋಟೊ, ಹಾರ, ಭಾಷಣ. ಆಮೇಲೆ ಕೋಣೆಗೆ ಬೀಗ, ಬೀಗದ ಕೈ ಹೆಡ್‌ಮಾಸ್ಟರ್ ಹತ್ತಿರ. ಇಂಥ ಕೋಣೆಗಳು ನೋಡಿ ನೋಡಿ ಸಾಕಾಗಿದೆ. ಕೆನ್ಯಾದಲ್ಲಿ ಐರೀನ್ ಎಂಬಾರಿ-ಕಿರಿಕಾ ಅವರು 2009ರಲ್ಲಿ ಇನೇಬಲ್ ಅನ್ನುವ ಸಂಸ್ಥೆ ಕಟ್ಟಿ, ಥಿಕಾದ ಅಂಧರ ಶಾಲೆಯಿಂದ ಕಂಪ್ಯೂಟರ್ ಲ್ಯಾಬ್‌ಗಳನ್ನು ಶುರು ಮಾಡಿದರು. ಅದು ಉಳಿದುಕೊಂಡಿದ್ದಕ್ಕೆ ಕಾರಣ ಕಂಪ್ಯೂಟರ್‌ಗಳಲ್ಲ. ದಿನಾ ಕಲಿಸುವ ಮೇಷ್ಟ್ರು ಲ್ಯಾಬಿನಲ್ಲೇ ಇದ್ದರು.

ನಿಮ್ಮ ಅಣ್ಣನವರಿಗೆ ಹೇಳಿ: ಲ್ಯಾಪ್‌ಟಾಪ್ ಅರ್ಧಕ್ಕೆ ಇಳಿಸಲಿ, ಉಳಿದ ದುಡ್ಡಿನಲ್ಲಿ ಒಬ್ಬ ಮೇಷ್ಟ್ರ ಸಂಬಳ ಕೊಡಲಿ. ಆ ಮೇಷ್ಟ್ರೂ ಕಣ್ಣು ಕಾಣದವರಾದರೆ ಇನ್ನೂ ಒಳ್ಳೆಯದು. ಹೆಡ್‌ಫೋನ್ ಮರೆಯಬೇಡಿ. ಒಂದೇ ಕೋಣೆಯಲ್ಲಿ ಎಲ್ಲಾ ಯಂತ್ರಗಳೂ ಒಟ್ಟಿಗೆ ಮಾತಾಡಿದರೆ ಸಂತೆಯೇ ಸರಿ. ಮೊದಲ ತಿಂಗಳುಗಳು ಬರೀ ಟೈಪಿಂಗ್. ಕೀಬೋರ್ಡ್ ಬೆರಳಿಗೆ ಬರದೆ ಸ್ಕ್ರೀನ್ ರೀಡರ್ ಕಲಿಸಿದರೆ ತಲೆಗೆ ಹತ್ತುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಟಾಂಜಾನಿಯಾದಲ್ಲಿ ಆಲ್ಬಿನಿಸಂ (ಹುಟ್ಟಿನಿಂದಲೇ ಚರ್ಮ, ಕೂದಲು, ಕಣ್ಣಿಗೆ ಬಣ್ಣ ಕಡಿಮೆ) ಇರುವ ಮಕ್ಕಳು ಜಾಸ್ತಿ, ಸುಮಾರು 1,400 ಜನರಲ್ಲಿ ಒಬ್ಬರು ಅನ್ನುವ ಅಂದಾಜಿದೆ. ಇವರಲ್ಲಿ ಅನೇಕರನ್ನು ಅಂಧರ ಶಾಲೆಗೇ ಸೇರಿಸುತ್ತಾರೆ. ಅವರಿಗೆ ಕಣ್ಣು ಮಂದ, ಬೆಳಕು ಚುಚ್ಚುತ್ತದೆ, ಆದರೆ ಕಾಣುತ್ತದೆ. ಆ ಮಕ್ಕಳಿಗೆ ಎನ್‌ವಿಡಿಎಗಿಂತ ವಿಂಡೋಸ್ ಜೊತೆಗೇ ಬರುವ ಮ್ಯಾಗ್ನಿಫೈಯರ್, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ, ಕಿಟಕಿಗೆ ಬೆನ್ನು ಮಾಡಿದ ಕುರ್ಚಿ ಸಾಕು. ಫೋನಿನ ಕ್ಯಾಮೆರಾವನ್ನೇ ಭೂತಗನ್ನಡಿ ಮಾಡಿಕೊಂಡು ಹಲಗೆ ಓದಬಹುದು. ಖರ್ಚು ಏನೂ ಇಲ್ಲ. ಯಾವ ಮಗುವಿಗೆ ಎಷ್ಟು ಕಾಣುತ್ತದೆ ಅಂತ ಮೊದಲು ಕೇಳಿಸಿ.

ಪ್ರಶ್ನೆ (ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ): ಸರ್, ಫೈನಲ್ ಇಯರ್ ಪ್ರಾಜೆಕ್ಟಿಗೆ ಸನ್ನೆ ಭಾಷೆಯನ್ನು ಮಾತಾಗಿಸುವ ಕೈಗವಸು ಮಾಡುತ್ತಿದ್ದೇವೆ. ಆಫ್ರಿಕಾದ ಕಿವುಡರಿಗೆ ಕಡಿಮೆ ಬೆಲೆಗೆ ಕೊಡುವ ಆಸೆ. ಸೆನ್ಸರ್ ಬಗ್ಗೆ ಸಲಹೆ ಬೇಕಿತ್ತು.

ಉತ್ತರ: ತಮ್ಮಾ, ಸೆನ್ಸರ್ ಬಗ್ಗೆ ನಾನು ಹೇಳುವುದಿಲ್ಲ. ಕೈಗವಸು ಬಿಡಿ ಅಂತ ಹೇಳುತ್ತೇನೆ. ಕೆನ್ಯಾದಲ್ಲೂ ಇಂಥದ್ದೊಂದು ಬಂದಿತ್ತು, ಪತ್ರಿಕೆಗಳು ಕೊಂಡಾಡಿದವು. ಇಂಥ ಕೈಗವಸುಗಳ ಬಗ್ಗೆ ಕಿವುಡರು ಬೇರೆ ಬೇರೆ ದೇಶಗಳಲ್ಲಿ ಹೇಳುತ್ತಾ ಬಂದಿರುವುದು ಒಂದೇ: ನಮ್ಮನ್ನು ಕೇಳಿದ್ದೀರಾ?

ಸನ್ನೆ ಭಾಷೆ ಬರೀ ಬೆರಳಲ್ಲಿ ಇಲ್ಲ. ಹುಬ್ಬು ಏರಿಸಿದರೆ ಪ್ರಶ್ನೆ. ಮುಖ, ಭುಜ, ನೋಟ ಎಲ್ಲಾ ವ್ಯಾಕರಣ. ಕೈಗವಸಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಎರಡನೆಯದಾಗಿ ಅದು ಒಂದೇ ದಿಕ್ಕಿನ ದಾರಿ. ಕಿವುಡರು ಹೇಳಿದ್ದು ನಿಮಗೆ ಕೇಳಿಸುತ್ತದೆ, ನೀವು ಹೇಳಿದ್ದು ಅವರಿಗೆ? ಅನುಕೂಲ ಯಾರಿಗಾಯಿತು ನೋಡಿ.

"ಆಫ್ರಿಕಾದ ಸನ್ನೆ ಭಾಷೆ" ಅಂತಲೂ ಒಂದಿಲ್ಲ. ಆಂಡ್ರ್ಯೂ ಫಾಸ್ಟರ್ ಅನ್ನುವ ಅಮೆರಿಕದ ಕಿವುಡ ಶಿಕ್ಷಕರು 1957ರಲ್ಲಿ ಘಾನಾದಲ್ಲಿ ಶಾಲೆ ತೆರೆದರು, ಆಮೇಲೆ ಬೇರೆ ದೇಶಗಳಲ್ಲೂ ತೆರೆಯುತ್ತಾ ಹೋದರು. ಹಾಗಾಗಿ ಘಾನಾ, ನೈಜೀರಿಯಾಗಳ ಸನ್ನೆಗಳಲ್ಲಿ ಅಮೆರಿಕದ ಛಾಯೆ ಇದೆ. ಅದೇ ಘಾನಾದ ಆಡಮೊರೋಬೆ ಹಳ್ಳಿಯಲ್ಲಿ ಅದಕ್ಕಿಂತ ಹಳೆಯದಾದ, ಊರಿನದೇ ಸನ್ನೆ ಭಾಷೆ ಇದೆ. ಕೆನ್ಯಾದ 2010ರ ಸಂವಿಧಾನ ಸ್ವಾಹಿಲಿ, ಇಂಗ್ಲಿಷ್ ಜೊತೆ ಕೆನ್ಯಾ ಸನ್ನೆ ಭಾಷೆಯನ್ನೂ ಸಂಸತ್ತಿನ ಅಧಿಕೃತ ಭಾಷೆ ಮಾಡಿದೆ. ದಕ್ಷಿಣ ಆಫ್ರಿಕಾ 2023ರಲ್ಲಿ ತನ್ನ ಸನ್ನೆ ಭಾಷೆಯನ್ನು 12ನೇ ಅಧಿಕೃತ ಭಾಷೆ ಮಾಡಿಕೊಂಡಿತು. ನಿಮ್ಮ ಕೈಗವಸು ಇವುಗಳಲ್ಲಿ ಯಾವುದನ್ನು ಮಾತಾಡುತ್ತದೆ?

ನಿಮಗೆ ಹುಮ್ಮಸ್ಸಿದೆ, ಅದನ್ನು ಬೇರೆ ಕಡೆ ತಿರುಗಿಸಿ. ನೈರೋಬಿಯ ಇಕಿತಾಬು ಅನ್ನುವ ಕಂಪನಿ ಮಕ್ಕಳ ಕಥೆ ಪುಸ್ತಕಗಳಿಗೆ ಕೆನ್ಯಾ ಸನ್ನೆ ಭಾಷೆಯ ವಿಡಿಯೊ ಸೇರಿಸುತ್ತದೆ. ವಿಡಿಯೊದಲ್ಲಿ ಕಥೆ ಹೇಳುವವರು ಕಿವುಡರೇ. ಇದರಲ್ಲಿ ಎಂಜಿನಿಯರ್‌ಗೆ ನಿಜವಾದ ಕೆಲಸವಿದೆ. ಇಲ್ಲಿ ಜನ ಡೇಟಾವನ್ನು ಸಣ್ಣ ಸಣ್ಣ ಪ್ಯಾಕಿನಲ್ಲಿ ಕೊಳ್ಳುತ್ತಾರೆ. ಕಿವುಡರ ಸಂಭಾಷಣೆ ಅಂದರೆ ವಿಡಿಯೊ ಕಾಲ್, ಅದು ಡೇಟಾ ನುಂಗುತ್ತದೆ. ಕಡಿಮೆ ಡೇಟಾದಲ್ಲಿ ಕೈಬೆರಳು, ಮುಖ ಎರಡೂ ಸ್ಪಷ್ಟವಾಗಿ ಕಾಣುವ ಹಾಗೆ ವಿಡಿಯೊ ಕುಗ್ಗಿಸುವುದು ಹೇಗೆ? ಹಿನ್ನೆಲೆ ಮಸುಕಾದರೂ ನಡೆಯುತ್ತದೆ, ಬೆರಳು ಮಸುಕಾದರೆ ಮಾತೇ ಹೋಯಿತು. ತುಮಕೂರಿನಲ್ಲೇ ಕಿವುಡ ಗೆಳೆಯರನ್ನು ಹುಡುಕಿ, ಅವರ ಜೊತೆ ಕೂತು ಮಾಡಿ. ಆಫ್ರಿಕಾ ಆಮೇಲೆ.

ವಿದ್ಯಾರ್ಥಿ: ಗೈಡ್ ಒಪ್ಪಬೇಕಲ್ಲ ಸರ್ 😅

ಉತ್ತರ: ಒಪ್ಪದಿದ್ದರೆ ನನ್ನ ಈ ಉತ್ತರವನ್ನೇ ತೋರಿಸಿ.

ಪ್ರಶ್ನೆ (ಹುಬ್ಬಳ್ಳಿಯ ಕಣ್ಣಿನ ಡಾಕ್ಟರ್): ಫೋನಿನಲ್ಲಿ ಕಣ್ಣು ಪರೀಕ್ಷೆ ಮಾಡುವ ಪೀಕ್ ಬಗ್ಗೆ ಓದಿದ್ದೆ. ಸುದ್ದಿಯಾಚೆ ಅದರಿಂದ ಏನಾದರೂ ಆಗಿದೆಯೇ?

ಉತ್ತರ: ಆಗಿದೆ ಡಾಕ್ಟ್ರೇ. ಆದರೆ ಪರೀಕ್ಷೆಗಿಂತ ನನಗೆ ಮೆಚ್ಚುಗೆಯಾದದ್ದು ಆಮೇಲಿನ ಹೆಜ್ಜೆ. ಪಶ್ಚಿಮ ಕೆನ್ಯಾದ ಟ್ರಾನ್ಸ್ ಎನ್‌ಜೋಯಾದಲ್ಲಿ 50 ಶಾಲೆಗಳಲ್ಲಿ ಮೇಷ್ಟ್ರುಗಳೇ ಸುಮಾರು 21,000 ಮಕ್ಕಳ ಕಣ್ಣು ನೋಡಿದರು. ಅರ್ಧ ಶಾಲೆಗಳಲ್ಲಿ ಫೋನಿನಿಂದ, ಇನ್ನರ್ಧದಲ್ಲಿ ಮಾಮೂಲಿ ಚಾರ್ಟಿನಿಂದ. ಫೋನಿನ ಗುಂಪಿನಲ್ಲಿ ದೋಷ ಕಂಡ ಮಗುವಿನ ಅಪ್ಪ-ಅಮ್ಮನಿಗೆ ಎಸ್‌ಎಂಎಸ್ ಹೋಗುತ್ತಿತ್ತು. "ನಿಮ್ಮ ಮಗುವಿಗೆ ಲೋಕ ಹೀಗೆ ಕಾಣುತ್ತದೆ" ಅನ್ನುವ ಮಸುಕು ಚಿತ್ರವನ್ನೂ ಕೊಡುತ್ತಿದ್ದರು. ಆ ಗುಂಪಿನಲ್ಲಿ ಆಸ್ಪತ್ರೆಗೆ ಹೋದ ಮಕ್ಕಳು 54%, ಚಾರ್ಟಿನ ಗುಂಪಿನಲ್ಲಿ 22%. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ನಿಮ್ಮ ಕ್ಯಾಂಪುಗಳಲ್ಲೂ "ಬನ್ನಿ" ಅಂದವರಲ್ಲಿ ಎಷ್ಟು ಜನ ಬರುತ್ತಾರೆ ಅಂತ ನಿಮಗೇ ಗೊತ್ತು.

ಕಿವಿಗೂ ಇಂಥದ್ದಿದೆ. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ವಿಶ್ವವಿದ್ಯಾಲಯದವರ ಕೆಲಸದಿಂದ 2016ರಲ್ಲಿ ಹಿಯರ್‌ಝೆಡ್‌ಎ ಅನ್ನುವ ಆ್ಯಪ್ ಬಂತು. ಗದ್ದಲದ ನಡುವೆ ಅಂಕಿಗಳನ್ನು ಹೇಳುತ್ತದೆ, ಕೇಳಿಸಿದ್ದನ್ನು ಒತ್ತಬೇಕು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯೂ ಅದೇ ವಿಧಾನದ ಆ್ಯಪ್ ತಂದಿತು. ಆದರೆ ಪರೀಕ್ಷೆ ಮಾಡಿ ಶ್ರವಣಯಂತ್ರ ಕೊಡದಿದ್ದರೆ ಏನು ಬಂತು? ಕೆಲವು ಬಡ ದೇಶಗಳಲ್ಲಿ ಸಹಾಯಕ ಸಾಧನ ಬೇಕಾದವರಲ್ಲಿ ಸಿಗುವುದು 3% ಜನರಿಗೆ ಮಾತ್ರ ಅಂತ 2022ರ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ವರದಿ ಹೇಳುತ್ತದೆ.

ಪ್ರಶ್ನೆ (ಮಂಗಳೂರಿನ ವಕೀಲೆ): ಅಲ್ಲಿ ಕಾನೂನು ಏನಾದರೂ ಇದೆಯಾ, ಎಲ್ಲಾ ದಾನ-ಧರ್ಮವೇನಾ?

ಉತ್ತರ: ಇದೆ. ಐಟಿ ಸಾಧನ, ಸೇವೆಗಳು ಅಂಗವಿಕಲರಿಗೂ ಬಳಕೆಗೆ ಬರಬೇಕು ಅನ್ನುವ ಮಾನದಂಡವನ್ನು ಕೆನ್ಯಾ 2022ರಲ್ಲಿ ತಂದಿತು, ಹೆಸರು ಕೆಎಸ್ 2952. ಆಫ್ರಿಕನ್ ಒಕ್ಕೂಟದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ 2018ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಬೇಕಾದ 15 ದೇಶಗಳು ಸೇರಿ ಜಾರಿಗೆ ಬರುವಾಗ 2024 ಆಯಿತು. ಪುಸ್ತಕಗಳ ವಿಷಯದಲ್ಲಿ 2013ರ ಮರಾಕೇಶ್ ಒಪ್ಪಂದವಿದೆ. ಅದನ್ನು ಮೊದಲು ಅನುಮೋದಿಸಿದ್ದು ನಮ್ಮ ಭಾರತ, 2014ರಲ್ಲಿ. ಬ್ರೈಲ್, ಆಡಿಯೊ ಪುಸ್ತಕಗಳನ್ನು ಸದಸ್ಯ ದೇಶಗಳು ಹಂಚಿಕೊಳ್ಳಬಹುದು. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕಾಗಿ ಕಾಪಿರೈಟ್ ಕಾನೂನು ಬದಲಿಸಲು ಸರ್ಕಾರ ತಡ ಮಾಡಿದ್ದಕ್ಕೆ ಅಂಧರ ಪರವಾದ ಬ್ಲೈಂಡ್ ಎಸ್‌ಎ ಸಂಸ್ಥೆ ಸಂವಿಧಾನ ಕೋರ್ಟಿಗೇ ಹೋಗಿ 2022ರಲ್ಲಿ ಗೆದ್ದಿತು. ನೀವು ಓದಲೇಬೇಕಾದ ತೀರ್ಪು.

ಪ್ರಶ್ನೆ (ಶಿವಮೊಗ್ಗದ ಒಬ್ಬರು): ಊಟಕ್ಕೇ ಇಲ್ಲದ ಕಡೆ ಆ್ಯಪ್, ಕಂಪ್ಯೂಟರ್ ಅಂತ ಮಾತಾಡೋದು ಸ್ವಲ್ಪ ಅತಿಯಾಯ್ತು ಅನ್ನಿಸಲ್ವಾ?

ಉತ್ತರ: ಅನ್ನಿಸಲ್ಲ ಸರ್. ಇಲ್ಲಿ ಊಟದ ದುಡ್ಡು ಬರುವುದೇ ಫೋನಿಗೆ. ಅದನ್ನು ಓದೋಕಾಗದವರ ಊಟವನ್ನು ಇನ್ನೊಬ್ಬರು ತಿಂದಿರುತ್ತಾರೆ.

ಬೆಂಗಳೂರಿನ ಎಂಜಿನಿಯರ್: ಸರ್, ಕೊನೆಯ ಪ್ರಶ್ನೆ. ಟೆಸ್ಟ್ ಮಾಡೋಕೆ ಯಾವ ಫೋನ್ ತಗೊಳ್ಳಲಿ? ಆಫೀಸಿನಲ್ಲಿ ಎಲ್ಲರದ್ದೂ ಐಫೋನ್.

ಉತ್ತರ: ಟೆಕ್ನೋ ಅಥವಾ ಐಟೆಲ್‌ನ ಅಗ್ಗದ ಮಾಡೆಲ್ ಒಂದನ್ನು ತೆಗೆದುಕೊಳ್ಳಿ, ಇಲ್ಲಿ ಜನರ ಕೈಯಲ್ಲಿ ಜಾಸ್ತಿ ಇರುವುದು ಅವೇ. ರ‍್ಯಾಮ್ ಕಡಿಮೆ ಇರುವುದೇ ಇರಲಿ. ದನಿ ತಡವಾಗಿ ಬರುವುದು, ಅಷ್ಟರಲ್ಲಿ ನಿಮ್ಮ ಒಟಿಪಿ ಸಮಯ ಮುಗಿದು ಹೋಗುವುದು, ಇದೆಲ್ಲ ಅದರಲ್ಲೇ ಗೊತ್ತಾಗುತ್ತದೆ. ವಾಲ್ಯೂಮ್ ಬಟನ್ ಎರಡನ್ನೂ ಮೂರು ಸೆಕೆಂಡ್ ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಶುರುವಾಗುತ್ತದೆ. ಆಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಆನ್ ಮಾಡಿ. ಪರದೆ ಕಾಣದಂತೆ ಬಟ್ಟೆ ಮುಚ್ಚಿ, ನಿಮ್ಮದೇ ಆ್ಯಪಿನಲ್ಲಿ 500 ಶಿಲ್ಲಿಂಗ್ ಸಾಲ ತೆಗೆದುಕೊಂಡು ನೋಡಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಪಟ್ಟಿ ಮಾಡಿ ಇಲ್ಲಿ ಹಾಕಿ, ಯಾವುದನ್ನು ಮೊದಲು ಸರಿ ಮಾಡಬೇಕು ಅಂತ ಹೇಳುತ್ತೇನೆ. ಆಮೇಲೆ ನೈರೋಬಿಯಲ್ಲೇ ಕಣ್ಣು ಕಾಣದ ಟೆಸ್ಟರ್‌ಗಳನ್ನು ಹಿಡಿಯಿರಿ, ದುಡ್ಡು ಕೊಟ್ಟು. ಪುಕ್ಕಟೆ ಕೇಳಬೇಡಿ.