ತಮ್ಮನು ಸಹಿ ಹಾಕುವುದು ಬೇಡ, ಕಾಕಾ

ಕಾಕಾ, ನೀವು ಮನೆಯವರ ಗುಂಪಿನಲ್ಲಿ ಹಾಕಿದ ಬಾಂಡ್ ಪೇಪರಿನ ಫೋಟೊ ನೋಡಿದೆ. ಪ್ರಿಂಟಿಂಗ್ ಪ್ರೆಸ್ಸಿನ ಕಟಿಂಗ್ ಮಷಿನ್ನಿಗೆ ಸಿಕ್ಕಿ ತಮ್ಮನ ಒಂದು ಕೈಯ ಎರಡು ಬೆರಳು ಹೋಗಿವೆ. ‘ಆಸ್ಪತ್ರೆ ಖರ್ಚು 60,000 ರೂಪಾಯಿ ಮುಟ್ಟಿದೆ, ಇನ್ನು ಯಾವ ತಕರಾರೂ ಇಲ್ಲ’ ಎಂದು ತಮ್ಮನಿಂದ ಬರೆಸಿಕೊಳ್ಳಲು ಪ್ರೆಸ್ಸಿನ ಮಾಲೀಕರು ಕಾಯುತ್ತಿದ್ದಾರೆ. ‘ಒಳ್ಳೆಯ ಮನುಷ್ಯ, ಸಹಿ ಹಾಕಿಬಿಡಲಿ’ ಎಂದು ನೀವೂ ಬರೆದಿದ್ದೀರಿ. ಬೇಡ ಕಾಕಾ.

ಚಿಕಿತ್ಸೆಗೆ ಕೊಟ್ಟ ಹಣವನ್ನು ಪರಿಹಾರದಲ್ಲಿ ಮುರಿದುಕೊಳ್ಳುವಂತಿಲ್ಲ. 2024ರ ದೀಪಾವಳಿಯ ಹೊತ್ತಿಗೆ ಆದ ಅಪಘಾತವಿದು, ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆ ಅನ್ವಯಿಸುತ್ತದೆ. ಒಂದೇ ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 20 ನಷ್ಟವೆಂದು ಅದರ ಪಟ್ಟಿಯೇ ಹೇಳುತ್ತದೆ. ತಮ್ಮನ ತಿಂಗಳ ಸಂಬಳ 18,000 ಇದ್ದರೂ ಪರಿಹಾರದ ಲೆಕ್ಕಕ್ಕೆ ಹಿಡಿಯುವುದು 15,000 ಮಾತ್ರ. 2020ರಲ್ಲಿ ಹಾಕಿದ ಮಿತಿ, ಇದೆಂಥ ನ್ಯಾಯವೋ! ಅದರ ಶೇಕಡಾ 60 ಎಂದರೆ 9,000. ವಯಸ್ಸಿಗೆ ತಕ್ಕಂತೆ ಕಾಯ್ದೆ ಕೊಟ್ಟ ಗುಣಕ ತಮ್ಮನ 35ರ ವಯಸ್ಸಿಗೆ 197.06. ಎರಡನ್ನೂ ಗುಣಿಸಿ ಬಂದದ್ದರ ಶೇಕಡಾ 20 ಹಿಡಿದರೆ 3,54,708 ರೂಪಾಯಿ. ನಾನು ಮೂರು ಸಲ ಲೆಕ್ಕ ಹಾಕಿದೆ.

ಬ್ಲೇಡಿಗೆ ಕೈ ಸಿಗದಂತೆ ಮಷಿನ್ನಿಗೆ ಹಾಕುವ ಗಾರ್ಡನ್ನು ‘ಅವನೇ ತೆಗೆದಿದ್ದ’ ಎಂದು ಮಾಲೀಕರು ಹೇಳುತ್ತಾರಂತೆ. ಬೆಟಗೇರಿಯ ಪ್ರೆಸ್ಸಿನಲ್ಲಿ ಒಂಬತ್ತು ವರ್ಷ ಬೈಂಡಿಂಗ್ ಮಾಡಿದವಳು ನಾನು. ಕ್ಯಾಲೆಂಡರ್ ಕೆಲಸ ಶುರುವಾದರೆ ಕಟಿಂಗ್ ಮಷಿನ್ನಿನ ಗಾರ್ಡ್ ಮೂಲೆ ಸೇರುತ್ತದೆ, ಅದರ ಮೇಲೆ ಚಹಾದ ಕಪ್ಪು ಇಡುತ್ತಾರೆ. ಗಾರ್ಡ್ ಇದ್ದರೆ ಕೆಲಸ ಸಾಗುವುದಿಲ್ಲ ಎಂದು ಬೈಯುವವರು ಯಾರು? ಕೆಲಸಗಾರ ಬೇಕೆಂದೇ ತೆಗೆದಿದ್ದರೆ ಮಾತ್ರ ಆ ಆಕ್ಷೇಪಕ್ಕೆ ಬೆಲೆ. ಬರೀ ಅಜಾಗ್ರತೆಗೆ ಪರಿಹಾರ ತಪ್ಪುವುದಿಲ್ಲ.

‘ವಿಮೆ ಇದೆ, ವಿಮೆಯವರನ್ನು ಕೇಳಿ’ ಎನ್ನುವುದೂ ನುಣುಚಿಕೊಳ್ಳುವ ಮಾತು. ವಿಮೆ ಇರಲಿ ಬಿಡಲಿ, ಕಾನೂನಿನ ಹೊಣೆ ಮಾಲೀಕರದು. ಇಎಸ್‌ಐ ಎಂಬ ನೌಕರರ ಸರಕಾರಿ ವಿಮೆ ಇದ್ದಿದ್ದರೆ ದಾರಿ ಬೇರೆಯಾಗುತ್ತಿತ್ತು. ಆರು ಜನರ ಪ್ರೆಸ್ಸಿಗೆ ಅದು ಬರುವುದಿಲ್ಲ.

ಹಕ್ಕು ಬಿಟ್ಟುಕೊಡುವ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ, ನಿಜ. ಆದರೆ ಸಹಿ ಮಾಡಿದ ಕಾಗದ ಅವರ ಕೈಯಲ್ಲಿದ್ದರೆ ನಾವು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಪ್ರಾಮಾಣಿಕವಾಗಿ ಒಪ್ಪಂದಕ್ಕೆ ಬರುವುದಾದರೆ ಇಂಥ ವ್ಯಾಜ್ಯ ನೋಡುವ ಪರಿಹಾರ ಆಯುಕ್ತರಲ್ಲಿ ನೋಂದಾಯಿಸಲಿ. ಮೊತ್ತ ಕಡಿಮೆ ಎನಿಸಿದರೆ ಆಯುಕ್ತರು ನಿರಾಕರಿಸಬಹುದು. ತಡಮಾಡಿದ್ದಕ್ಕೆ ಶೇಕಡಾ 12 ಬಡ್ಡಿಯೂ ಇದೆ. ಅರ್ಜಿಗೆ ಎರಡು ವರ್ಷದ ಗಡುವಿದೆ, ಅದು ಮೀರಬಾರದು.

ಅವ್ವ, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಸಂಬಳ ಜಮೆಯಾದ ಪಾಸ್‌ಬುಕ್ ಎರಡನ್ನೂ ತೆಗೆದಿಡು. ಸೋಮವಾರ ಹುಬ್ಬಳ್ಳಿಯಿಂದ ಮೊದಲ ಬಸ್ಸಿಗೇ ಬರುತ್ತೇನೆ. ಕಾಕಾ, ಅಲ್ಲಿಯವರೆಗೆ ಆ ಬಾಂಡ್ ಪೇಪರ್ ನಿಮ್ಮ ಹತ್ತಿರವೇ ಇರಲಿ.