ಕ್ರಿಸ್ಮಸ್ ಆರಾಧನೆಯಲ್ಲಿ ಹಳೆಯ ಕ್ಯಾರಲ್‌ಗಳನ್ನೂ ಹೊಸ ಆರಾಧನಾ ಗೀತೆಗಳನ್ನೂ ಹೊಂದಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ವಂದನೆಗಳು. ಮಂಗಳೂರು ಕಡೆಯ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಈ ವರ್ಷದ ಕ್ರಿಸ್ಮಸ್ ಸಂಗೀತದ ಹೊಣೆ ನನ್ನ ಮೇಲೆ ಬಿದ್ದಿದೆ. ನಮ್ಮ ಗಾಯನ ಮಂಡಳಿಯವರು ಸೋಲ್ಫಾ (ದೋ, ರೇ, ಮಿ ಎಂದು ಬರೆದ ಸ್ವರಲಿಪಿ) ನೋಡಿಕೊಂಡು ನಾಲ್ಕು ಧ್ವನಿಗಳಲ್ಲಿ ಹಾಡುವವರು. ಯೌವನಸ್ಥರಿಗೆ ಗಿಟಾರ್, ಕೀಬೋರ್ಡ್, ಡ್ರಮ್ಸ್ ಜೊತೆಗೆ ಈಗಿನ ಆರಾಧನಾ ಗೀತೆಗಳನ್ನು ಹಾಡುವ ಆಸೆ. ಕಳೆದ ವರ್ಷ ಒಂದು ಹಳೆಯದು, ಒಂದು ಹೊಸದು ಎಂದು ಸರದಿ ಹಾಕಿದೆವು. ಒಂದು ಗುಂಪು ಹಾಡುವಾಗ ಇನ್ನೊಂದು ಗುಂಪು ಕೈಕಟ್ಟಿ ಕುಳಿತಿತ್ತು. ಸಭೆಯವರು ಎರಡನ್ನೂ ಸುಮ್ಮನೆ ಕೇಳಿಸಿಕೊಂಡರು. ಈ ಬಾರಿ ಎಂಟು ಹಾಡುಗಳಿಗೆ ಅವಕಾಶವಿದೆ. ‘ಸೈಲೆಂಟ್ ನೈಟ್’ ಹಾಡಿಗೆ ಗಿಟಾರ್ ಕೂಡದೆಂಬ ಹಿರಿಯರೂ ನಮ್ಮಲ್ಲಿದ್ದಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1

ನಾನು ಬಹಳ ವರ್ಷ ಗಾಯನ ಮಂಡಳಿ ನಡೆಸಿದವನು. ಹಾಡುಗಳ ವಯಸ್ಸನ್ನು ಎಣಿಸುವುದನ್ನು ಬಿಟ್ಟು, ಸಭೆಯ ಗಂಟಲು ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ಮೊದಲು ನೋಡಿ. ‘ಸೈಲೆಂಟ್ ನೈಟ್’ ಹಾಡನ್ನು ಸಿ ಶ್ರುತಿಯಲ್ಲಿ ಹಿಡಿದರೆ ಕೊನೆಯ ಭಾಗದಲ್ಲಿ ಮೇಲಿನ ಎಫ್‌ವರೆಗೆ ಏರಬೇಕು. ಸೊಪ್ರಾನೊದವರನ್ನು (ಹೆಂಗಸರ ಎತ್ತರದ ಧ್ವನಿಯವರನ್ನು) ಬಿಟ್ಟರೆ ಉಳಿದವರೆಲ್ಲ ಅಲ್ಲಿ ಬಾಯಿ ಮುಚ್ಚುತ್ತಾರೆ. ಎ ಶ್ರುತಿಗೆ ಇಳಿಸಿದರೆ ಅದೇ ಜಾಗದಲ್ಲಿ ಡಿ ಸಾಕಾಗುತ್ತದೆ. ರಾತ್ರಿಯೆಲ್ಲ ಮನೆಮನೆಗೆ ಕ್ಯಾರಲ್ ರೌಂಡ್ಸ್ ಹೋಗಿ ಬಂದ ಗಂಟಲುಗಳಿಗೆ ಇಪ್ಪತ್ತೈದರ ಬೆಳಿಗ್ಗೆ ಅಷ್ಟೇ ಆಗುವುದು.

‘ಜಾಯ್ ಟು ದ ವರ್ಲ್ಡ್’ ಹಾಡಿನ ತೊಡಕು ಬೇರೆ. ಅದು ಮೇಲಿನ ದೋ ಸ್ವರದಿಂದಲೇ ಆರಂಭವಾಗಿ, ಒಂದೊಂದೇ ಮೆಟ್ಟಿಲು ಕೆಳಗಿನ ದೋವರೆಗೆ ಇಳಿಯುತ್ತದೆ. ಗಂಟಲು ಕಾಯುವ ಮುನ್ನ ಅದನ್ನು ಪ್ರವೇಶ ಗೀತೆಯಾಗಿ ಇಟ್ಟು, ಮೊದಲ ಸಾಲು ಮಂಡಳಿಯೊಂದರಿಂದಲೇ ಕೇಳಿಬಂದ ಕ್ರಿಸ್ಮಸ್‌ಗಳನ್ನು ನಾನು ಕಂಡಿದ್ದೇನೆ. ಅದನ್ನು ಕೊನೆಗಿಡಿ. ಐಸಾಕ್ ವಾಟ್ಸ್ 1719ರಲ್ಲಿ ಪ್ರಕಟಿಸಿದ ಆ ಪದ್ಯ ಬೈಬಲಿನ 98ನೆಯ ಕೀರ್ತನೆಯನ್ನು ಆಧರಿಸಿದ್ದು; ಅದರಲ್ಲಿ ಗೋದಲಿಯೂ ಇಲ್ಲ, ಕುರುಬರೂ ಇಲ್ಲ. ಆದ್ದರಿಂದ ಆಶೀರ್ವಾದದ ನಂತರ ಜನರನ್ನು ಬೀಳ್ಕೊಡಲು ಅದು ಚೆನ್ನಾಗಿ ಒಪ್ಪುತ್ತದೆ.

ಉತ್ತರ 2

ನಾನು ಗಿಟಾರ್ ನುಡಿಸುವವನು. ನಿಮ್ಮ ಹಿರಿಯರಿಗೆ ವಿನಯದಿಂದಲೇ ತಿಳಿಸಿ: 1818ರ ಡಿಸೆಂಬರ್ 24ರಂದು ಆಸ್ಟ್ರಿಯದ ಓಬರ್ನ್‌ಡಾರ್ಫ್‌ನಲ್ಲಿ ‘ಸೈಲೆಂಟ್ ನೈಟ್’ ಮೊದಲ ಬಾರಿ ಕೇಳಿಬಂದಾಗ ಪಕ್ಕವಾದ್ಯವಾಗಿದ್ದದ್ದು ಗಿಟಾರೇ. ಪದ್ಯ ಬರೆದ ಪಾದ್ರಿ ಯೋಸೆಫ್ ಮೋರ್, ರಾಗ ಹಾಕಿದ ಫ್ರಾಂಟ್ಸ್ ಗ್ರೂಬರ್ ಇಬ್ಬರೂ ಹಾಡಿದರು. ಆದರೆ ಅದು ತೊಟ್ಟಿಲು ತೂಗುವ ನಡೆಯ ಹಾಡು. ತಂತಿಗಳನ್ನು ಬೆರಳಿನಿಂದ ಒಂದೊಂದಾಗಿ ಮೀಟಬೇಕೇ ಹೊರತು ಡ್ರಮ್ಸ್ ಸೇರಿಸಿ ನಾಲ್ಕರ ತಾಳಕ್ಕೆ ಎಳೆಯಬಾರದು.

ನಮ್ಮವರ ತಪ್ಪೂ ಇದೆ. ಹೊಸ ಗೀತೆಗಳನ್ನು ಯೂಟ್ಯೂಬ್‌ನಲ್ಲಿ ಕೇಳಿದ ಶ್ರುತಿಯಲ್ಲೇ ನುಡಿಸುತ್ತೇವೆ. ಅವು ಬಹುಪಾಲು ಗಂಡಸರ ಎತ್ತರದ ಟೆನರ್ ಧ್ವನಿಗೆ ಕೂಡಿಸಿದವು. ಎರಡು ಮೂರು ಮನೆ (ಅರ್ಧಸ್ವರ) ಇಳಿಸದೆ ಸಭೆ ಹಾಡಲಾರದು. ಜೊತೆಗೆ, ಹೊಸ ಗೀತೆಗಳು ಎರಡಕ್ಕಿಂತ ಹೆಚ್ಚು ಬೇಡ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲೂ ಕಾಣಿಕೆಯ ಸಮಯಕ್ಕೆ ಅವನ್ನೇ ಹಾಡಿಸಿದರೆ ಕ್ರಿಸ್ಮಸ್ ದಿನ ಅವು ಯಾರಿಗೂ ಹೊಸದಾಗಿರುವುದಿಲ್ಲ. ನಾವು ಹೀಗೆ ಮಾಡಿದಾಗ ಮಂಡಳಿಯ ಆಲ್ಟೊದವರೇ (ಹೆಂಗಸರ ತಗ್ಗಿನ ಧ್ವನಿಯವರು) ಪಲ್ಲವಿಗೆ ತಮ್ಮ ಸ್ವರ ಬರೆದುಕೊಂಡು ಬಂದರು.

ಉತ್ತರ 3

ಅನುವಾದದ ಬಗ್ಗೆ ಒಂದು ಮಾತು. ಇಂಗ್ಲಿಷ್ ಗೀತೆಯ ರಾಗಕ್ಕೆ ಕನ್ನಡ ಪದಗಳನ್ನು ತುಂಬುವಾಗ ನಮ್ಮ ಯೌವನಸ್ಥರು ಅಕ್ಷರಗಳನ್ನು ಎಣಿಸುತ್ತಾರೆಯೇ ಹೊರತು ಲಘು ಗುರುಗಳನ್ನು ನೋಡುವುದಿಲ್ಲ. ಎಳೆಯಬೇಕಾದ ಸ್ವರದ ಮೇಲೆ ಹ್ರಸ್ವಾಕ್ಷರ ಬಂದು ಕುಳಿತರೆ ಅರ್ಥವೇ ಕೆಡುತ್ತದೆ. ನಮ್ಮ ಸಭೆಯಲ್ಲಿ ಒಮ್ಮೆ ದೇವರ ‘ಬಲ’ವನ್ನು ಕೊಂಡಾಡುತ್ತ ಮೂರು ಚರಣಗಳಲ್ಲೂ ‘ಬಾಲ’ ಎಂದು ಎಳೆದೆವು. ಭಾನುವಾರ ಶಾಲೆಯ ಮಕ್ಕಳ ನಗು ಇನ್ನೂ ನಿಂತಿಲ್ಲ. ಬರೆದದ್ದನ್ನು ತಾಳ ಹಾಕಿ ಗಟ್ಟಿಯಾಗಿ ಓದಿ ನೋಡಿದರೆ ಇಂಥದ್ದು ಮೊದಲೇ ಸಿಕ್ಕಿಬೀಳುತ್ತದೆ.

ಹಕ್ಕುಸ್ವಾಮ್ಯದ ವಿಷಯವೂ ಇದೆ. ನಿಜವಾದ ಧಾರ್ಮಿಕ ಆಚರಣೆಯಲ್ಲಿ ಹಾಡುವುದಕ್ಕೆ ನಮ್ಮ 1957ರ ಕಾಯಿದೆ ವಿನಾಯಿತಿ ಕೊಡುತ್ತದೆ. ಹೊಸ ಗೀತೆಯನ್ನು ಅನುವಾದಿಸುವುದು, ಧ್ವನಿಮುದ್ರಿಸಿ ಅಂತರಜಾಲಕ್ಕೆ ಏರಿಸುವುದು ಬೇರೆ ಮಾತು; ಅದಕ್ಕೆ ಹಕ್ಕುದಾರರ ಅನುಮತಿ ಕೇಳಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಆರು ಕ್ಯಾರಲ್‌ಗಳು, ಎರಡು ಹೊಸ ಗೀತೆಗಳು ಎಂದು ಸಭಾಪಾಲಕರಾದ ಅಯ್ಯನವರೊಂದಿಗೆ ಮಾತಾಡಿ ನಿಶ್ಚಯಿಸಿದೆವು. ‘ಸೈಲೆಂಟ್ ನೈಟ್’ ಎ ಶ್ರುತಿಯಲ್ಲಿ. ಮೊದಲ ಚರಣಕ್ಕೆ ಗಿಟಾರ್ ಮಾತ್ರ, ಎರಡನೆಯದಕ್ಕೆ ಮಂಡಳಿಯ ನಾಲ್ಕು ಧ್ವನಿಗಳು, ಮೂರನೆಯದಕ್ಕೆ ಇಡೀ ಸಭೆ. ಗಿಟಾರ್ ಬೇಡವೆಂದಿದ್ದ ಹಿರಿಯರು 1818ರ ಸಂಗತಿ ಕೇಳಿ, ಹಾಗಾದರೆ ಪ್ಲಗ್ ಹಾಕದ ಗಿಟಾರೇ ಆಗಬೇಕು ಎಂಬ ಷರತ್ತಿನೊಂದಿಗೆ ಒಪ್ಪಿದ್ದಾರೆ.